0.1 ವೋಲ್ಟ್‌ನ ಬೆಲೆ 4,000 ಕೋಟಿ

ಒಂದು ಕಿಲೊ ಹೈಡ್ರೋಜನ್ ತಯಾರಿಸಲು ಒಡೆಯಬೇಕಾದ ನೀರು ಸುಮಾರು 9 ಲೀಟರ್. ಬೇಕಾಗುವ ವಿದ್ಯುತ್ ಸುಮಾರು 50 ಯೂನಿಟ್. ಬೆಂಗಳೂರಿನ ಮನೆಗಳಿಗೆ 2024-25ರಲ್ಲಿ ಬೆಸ್ಕಾಂ ದರ ಯೂನಿಟ್‌ಗೆ 5.90 ರೂ. ಇತ್ತು. ಆ ದರದಲ್ಲಿ ಕಿಲೊಗೆ ವಿದ್ಯುತ್ ಖರ್ಚೇ 295 ರೂ. ನೀರಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಹೊರಗಿನಿಂದ ಶಾಖ ಕೊಡದೆ ನೀರನ್ನು ಒಡೆಯಲು 1.48 ವೋಲ್ಟ್, ಅಂದರೆ ಕಿಲೊಗೆ 39.4 ಯೂನಿಟ್ ಬೇಕು. ನೀರೊಡೆಯುವ ಯಂತ್ರವಾದ ಎಲೆಕ್ಟ್ರೊಲೈಸರ್ ನಡೆಯುವುದು 1.8 ವೋಲ್ಟ್ ಆಸುಪಾಸಿನಲ್ಲಿ, ಆಗ 47.9 ಯೂನಿಟ್. ನಡುವಿನ 8.5 ಯೂನಿಟ್ ಶಾಖವಾಗಿ ಸೋರಿಹೋಗುತ್ತದೆ. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಸುಲಭಗೊಳಿಸುವ ವೇಗವರ್ಧಕ ತಗ್ಗಿಸಬೇಕಿರುವುದು ಈ ಸೋರಿಕೆಯನ್ನೇ.

ಪಿಇಎಂ ಎಂಬ ಆಮ್ಲೀಯ ಪೊರೆಯ ಯಂತ್ರಗಳಲ್ಲಿ ಆ ಕೆಲಸ ಪ್ಲಾಟಿನಂ ಮತ್ತು ಇರಿಡಿಯಂ ಲೋಹಗಳದ್ದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2021ರ ಲೆಕ್ಕದಂತೆ 1 ಗಿಗಾವಾಟ್‌ಗೆ ಸುಮಾರು 700 ಕಿಲೊ ಇರಿಡಿಯಂ ಬೇಕು. ಜಗತ್ತಿನ ವಾರ್ಷಿಕ ಉತ್ಪಾದನೆ 7ರಿಂದ 8 ಟನ್. ದೊಡ್ಡಬಳ್ಳಾಪುರದಲ್ಲಿರುವ ಓಮಿಯಂ ಕಂಪನಿಯ ಪಿಇಎಂ ಕಾರ್ಖಾನೆಯ ವಾರ್ಷಿಕ ಸಾಮರ್ಥ್ಯ 2 ಗಿಗಾವಾಟ್. ಇದೇ ಸರಾಸರಿ ಅನ್ವಯಿಸಿದರೆ ಅದಕ್ಕೆ 1.4 ಟನ್, ಅಂದರೆ ಜಗತ್ತಿನ ಐದನೇ ಒಂದು ಭಾಗದಷ್ಟು ಇರಿಡಿಯಂ ಬೇಕಾದೀತು. ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ಬಯಸುವುದು 60ರಿಂದ 100 ಗಿಗಾವಾಟ್. ಎಲ್ಲವೂ ಪಿಇಎಂ ಆದರೆ 60ಕ್ಕೇ 42 ಟನ್. ಐದಾರು ವರ್ಷಗಳ ಜಾಗತಿಕ ಉತ್ಪಾದನೆ. ದುಡ್ಡು ಕೊಟ್ಟರೂ ಸಿಗದಷ್ಟು ಪ್ರಮಾಣವಿದು.

ಇರಿಡಿಯಂಗೆ ಅಗ್ಗದ ಪರ್ಯಾಯ ನಿಕಲ್. 2023ರಲ್ಲಿ ಗ್ರಾಂ ಇರಿಡಿಯಂ ಬೆಲೆ 10,000 ರೂ. ಮೀರಿತ್ತು, ಕಿಲೊ ನಿಕಲ್ ಸರಾಸರಿ 2,000 ರೂ. ಒಳಗಿತ್ತು, ಆ ವರ್ಷ ಗಣಿಗಳಿಂದ 30 ಲಕ್ಷ ಟನ್‌ಗೂ ಹೆಚ್ಚು ಬಂತು. ಆಮ್ಲದಲ್ಲಿ ನಿಕಲ್ ಕರಗುತ್ತದೆ, ಕ್ಷಾರದಲ್ಲಿ ನಿಲ್ಲುತ್ತದೆ. ಹಾಗಾಗಿ ಕ್ಷಾರೀಯ ಯಂತ್ರಗಳಿಗೆ ಆಮ್ಲಜನಕದ ಬದಿಯಲ್ಲಿ ನಿಕಲ್-ಕಬ್ಬಿಣ, ಹೈಡ್ರೋಜನ್ ಬದಿಯಲ್ಲಿ ನಿಕಲ್-ಮಾಲಿಬ್ಡಿನಂ ಮಿಶ್ರಲೋಹಗಳು.

ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ ಮಾತ್ರ. 1 ಸೆಂ.ಮೀ. ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದರೆ 600 ಚದರ ಮೀಟರ್: ಐದು 30x40 ಸೈಟುಗಳಿಗಿಂತ ಹೆಚ್ಚು. ನ್ಯಾನೊ ಗಾತ್ರದ ಲಾಭ ಇದು.

ವೋಲ್ಟೇಜ್ 0.1 ಇಳಿದರೆ ಕಿಲೊಗೆ 2.66 ಯೂನಿಟ್ ಉಳಿಯುತ್ತದೆ. ಮಿಷನ್‌ನ ಗುರಿ ವರ್ಷಕ್ಕೆ 50 ಲಕ್ಷ ಟನ್. ಉಳಿತಾಯ 1,330 ಕೋಟಿ ಯೂನಿಟ್. ಯೂನಿಟ್‌ಗೆ 3 ರೂ. ಎಂದು ಹಿಡಿದರೂ ವರ್ಷಕ್ಕೆ ಸುಮಾರು 4,000 ಕೋಟಿ ರೂ. ಮಿಷನ್‌ನ 19,744 ಕೋಟಿಯಲ್ಲಿ ಸಂಶೋಧನೆಗೆ ಇಟ್ಟಿರುವುದು 400 ಕೋಟಿ, ಶೇ 2. ಇದು ಸಾಲದು. ವೇಗವರ್ಧಕಗಳ ಮೇಲೆ ಕೆಲಸ ಮಾಡುವ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಶಿವನಪುರದ ನ್ಯಾನೊ ಕೇಂದ್ರದಂಥ ಪ್ರಯೋಗಾಲಯಗಳಿಗೆ ಹಣದಷ್ಟೇ ಸಮಯವೂ ಬೇಕು. ಕಾರ್ಖಾನೆ ಕೇಳುವ ಬಾಳಿಕೆ 60,000 ಗಂಟೆ. ಸಂಶೋಧನಾ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವುದು ನೂರಾರು ಗಂಟೆಗಳ ಪರೀಕ್ಷೆ. 60,000 ಗಂಟೆ ಎಂದರೆ 6 ವರ್ಷ 10 ತಿಂಗಳು.