ತುಳು ಬೆಳ್ಳಿತೆರೆಗೆ ಬಂದ ವರ್ಷ

ಬಂಟ್ವಾಳ ತಾಲೂಕಿನ ಪೊಳಲಿಯ ಜಾತ್ರೆಯ ಚೆಂಡಾಟದಲ್ಲಿ ಕಿವಿಗೆ ಬೀಳುವ ತುಳು ಭಾಷೆ ಸಿನಿಮಾ ತೆರೆಯ ಮೇಲೆ ಮೊದಲು ಕೇಳಿಸಿದ್ದು 1971ರಲ್ಲಿ. ಎಸ್.ಆರ್. ರಾಜನ್ ನಿರ್ದೇಶನದ 'ಎನ್ನ ತಂಗಡಿ' ತುಳುವಿನ ಮೊದಲ ಚಿತ್ರ. ಅದೇ ವರ್ಷ ಆರೂರು ಪಟ್ಟಾಭಿಯವರ 'ದಾರೆದ ಬುಡೆದಿ'ಯೂ ಬಂತು. ಕಪ್ಪು-ಬಿಳುಪಿನ ಈ ಚಿತ್ರಗಳ ಹಿಂದಿದ್ದ ಧೈರ್ಯ ದೊಡ್ಡದು. ಕನ್ನಡ ಚಿತ್ರಗಳಿಗಿದ್ದಂತೆ ರಾಜ್ಯದುದ್ದಕ್ಕೂ ಹರಡಿದ ಮಾರುಕಟ್ಟೆ ತುಳುವಿಗಿರಲಿಲ್ಲ. ಕರಾವಳಿಯ ಊರುಗಳೇ ಅದರ ಆಸರೆ.

ಕನ್ನಡದಲ್ಲಿ ಅದು ರಾಜ್‌ಕುಮಾರ್ ಅವರ ಸಮೃದ್ಧ ವರ್ಷ. ದೊರೈ-ಭಗವಾನ್ ಜೋಡಿಯ 'ಕಸ್ತೂರಿ ನಿವಾಸ'ದ ದಾನಿ, ಮನೆಗೆ ಬಂದವಳ ಊಟಕ್ಕಾಗಿ ತನ್ನ ಪ್ರೀತಿಯ ಪಾರಿವಾಳವನ್ನೇ ಮಾರುತ್ತಾನೆ. ಆಕೆ ಬಂದದ್ದು ಆ ಪಾರಿವಾಳವನ್ನು ಕೇಳಲೆಂದೇ. ಕನ್ನಡ ತೆರೆ ಕಂಡ ಅತ್ಯಂತ ಕರುಣಾಜನಕ ಸನ್ನಿವೇಶಗಳಲ್ಲಿ ಇದೊಂದು. 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದಾಗಲೂ ಜನ ಮುಗಿಬಿದ್ದರು.

ಅದೇ 1971ರ, ಪುಟ್ಟಣ್ಣ ಕಣಗಾಲರ 'ಸಾಕ್ಷಾತ್ಕಾರ'ದಲ್ಲಿ ಪೃಥ್ವಿರಾಜ್ ಕಪೂರ್ ನಟಿಸಿದರು.

ಬಂಟ್ವಾಳದವರಿಗೆ ಇನ್ನೊಂದು ಹೆಮ್ಮೆಯಿದೆ. 1971ರ ಚಿತ್ರಗಳಿಗೆ ನೀಡಿದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಿರ್ದೇಶನದ ಗೌರವ 'ವಂಶವೃಕ್ಷ'ಕ್ಕಾಗಿ ಗಿರೀಶ ಕಾರ್ನಾಡರ ಜೊತೆ ಪಡೆದವರು ಇದೇ ತಾಲೂಕಿನ ಮಂಚಿಯ ಬಿ.ವಿ. ಕಾರಂತರು. ಚಿತ್ರಕ್ಕೆ ಮೂಲವಾದ ಎಸ್.ಎಲ್. ಭೈರಪ್ಪನವರ ಕಾದಂಬರಿಯ ವಿಧವೆ ಕಾತ್ಯಾಯನಿಯಾಗಿ ಎಲ್.ವಿ. ಶಾರದಾ ಕಾಣಿಸಿಕೊಂಡರು. ಮುಂದೆ ವಿಷ್ಣುವರ್ಧನ್ ಎನಿಸಿದ ತರುಣನೂ ಚಿಕ್ಕ ಪಾತ್ರವೊಂದರಲ್ಲಿದ್ದ.