ಓಟ ಹೆಚ್ಚಾತು, ಬ್ರೇಕಿನ ಲೆಕ್ಕ ಯಾರು ನೋಡಬೇಕು?

ಶಿಗ್ಗಾಂವ: ಊರ ಪಕ್ಕದಲ್ಲೇ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಗೆ ಮೊದಲು 4ನೇ ನಂಬರು ಇತ್ತು, ಈಗ 48ನೇ ನಂಬರು. ಬದಲಾದದ್ದು ನಂಬರು ಒಂದೇ ಅಲ್ಲ, ಓಟವೂ ಬದಲಾಗಿದೆ. ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಿಡರ್‌ಗಳ ಕಾಲದಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಮುಳ್ಳು ಎಂಬತ್ತು ದಾಟಿತೆಂದರೆ ಒಳಗೆ ಕೂತವರು ಮನೆದೇವರನ್ನು ನೆನೆಯುತ್ತಿದ್ದರು. ಈಗ ಬಂಕಾಪುರದಿಂದ ತಡಸದವರೆಗೆ ನೂರರ ಮೇಲೆ ಹೋಗುವುದು ಹುಡುಗರಿಗೆ ಆಟ. ಇಂಥ ರಸ್ತೆಯಲ್ಲಿ ಕಾರುಗಳಿಗೆ ಕಾನೂನು ಕೊಟ್ಟಿರುವ ಮಿತಿಯೇ ತಾಸಿಗೆ 100 ಕಿ.ಮೀ. ಎಂಬುದು ಅವರಿಗೆ ನೆನಪಿದ್ದಂತಿಲ್ಲ.

ಓಟದ ಹುಚ್ಚಿಗೆ ತಕ್ಕಂತೆ ಗಾಡಿಯೂ ಬಂದಿದೆ. 2013ರಲ್ಲಿ ಪೇಟೆಗೆ ಬಂದ ಪೋಲೊ ಜಿಟಿ ಟಿಎಸ್‌ಐ ಕಾರನ್ನೇ ನೋಡಿ. 1.2 ಲೀಟರಿನ ಸಣ್ಣ ಇಂಜಿನ್, ಅದಕ್ಕೆ ಟರ್ಬೊ, 105 ಅಶ್ವಶಕ್ತಿ. ಮುಂದಿನ ಗಾಲಿಗೆ ಡಿಸ್ಕ್, ಹಿಂದಿನದಕ್ಕೆ ಡ್ರಮ್. 2022ರಲ್ಲಿ ಇಲ್ಲಿ ಪೋಲೊ ಮಾರಾಟ ನಿಂತಿತು. ಆದರೂ ಕೈಬದಲಾದ ಗಾಡಿ ಕೊಂಡು, ಇಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಏರಿಸುವವರು ಇದ್ದಾರೆ. ಒಂದು ಲ್ಯಾಪ್‌ಟಾಪ್, ಒಂದು ವೈರು, ಸ್ವಲ್ಪ ಹೊತ್ತು. ಗಾಡಿ ಹಾರುತ್ತದೆ.

ಹಾರಿಸೋದು ಆತು, ನಿಲ್ಲಿಸೋದು ಹೆಂಗ?

ಓಟ ಇಮ್ಮಡಿ, ದೂರ ನಾಲ್ಮಡಿ

ಒಳ್ಳೆಯ ಟೈರ್, ಒಣ ಡಾಂಬರು ರಸ್ತೆ ಇದೆ ಎಂದಿಟ್ಟುಕೊಳ್ಳಿ. 60ರ ಓಟದಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಸುಮಾರು 18 ಮೀಟರ್ ಬೇಕು. 120ರಲ್ಲಿ ಹೋದರೆ ಅದು 36 ಅಲ್ಲ, ಸುಮಾರು 74 ಮೀಟರ್! ಕಣ್ಣಿಗೆ ಕಂಡದ್ದು ಕಾಲಿಗೆ ತಿಳಿಯಲು ಒಂದು ಸೆಕೆಂಡ್ ಹೋದರೂ 120ರ ಗಾಡಿ ಅಷ್ಟರಲ್ಲಿ 33 ಮೀಟರ್ ಮುಂದೆ ಹೋಗಿರುತ್ತದೆ. ಒಟ್ಟು 107 ಮೀಟರ್. ಕತ್ತಲಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕಾಣಿಸುವುದು ಎಷ್ಟು ದೂರದಿಂದ ಎಂಬುದು ಈ ರಸ್ತೆಯಲ್ಲಿ ಓಡಾಡುವವರಿಗೆ ಹೇಳಿಕೊಡಬೇಕಿಲ್ಲ.

ಆದ್ದರಿಂದ ಬ್ರೇಕ್ ಸುಧಾರಿಸಬೇಕೆಂಬ ಆಸೆ ತಪ್ಪಲ್ಲ. ತಪ್ಪುವುದು ಅದನ್ನು ಮಾಡುವ ರೀತಿಯಲ್ಲಿ. ಮುಂದಿನ ಗಾಲಿಗೆ ತಾಟಿನಷ್ಟು ಅಗಲದ ಡಿಸ್ಕ್, ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್ ಹಾಕಿಸಿದರೆ ಕೆಲಸ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ನೋಡಲು ಚೆಂದ. ಲೆಕ್ಕ ಮಾತ್ರ ಬೇರೆ ಹೇಳುತ್ತದೆ.

ತಕ್ಕಡಿಯ ಮಾತು

ಗಾಡಿಯನ್ನು ನಿಲ್ಲಿಸುವುದು ಬ್ರೇಕ್ ಅಲ್ಲ, ಟೈರು. ಬ್ರೇಕ್ ಗಾಲಿಯನ್ನು ಹಿಡಿಯುತ್ತದೆ, ಟೈರು ರಸ್ತೆಯನ್ನು ಹಿಡಿಯುತ್ತದೆ. ಯಾವ ಟೈರಿನ ಮೇಲೆ ಎಷ್ಟು ಭಾರ ಕೂತಿದೆಯೋ ಅಷ್ಟೇ ಅದರ ಹಿಡಿತ.

ಸಾವಿರ ಕಿಲೋ ತೂಕದ ಒಂದು ಕಾರು. ನಿಂತಾಗ ಮುಂದೆ 600, ಹಿಂದೆ 400 ಕಿಲೋ. ಜೋರಾಗಿ ಬ್ರೇಕ್ ಒತ್ತಿದಾಗ ಮೂತಿ ತಗ್ಗಿ, ಬಾಲ ಏಳುತ್ತದೆ. ಬಸ್ಸಿನಲ್ಲಿ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಹಾಗೆ. ಆಗ ಮುಂದೆ ಸುಮಾರು 775, ಹಿಂದೆ 225 ಕಿಲೋ ಆಗುತ್ತದೆ. ಅದಕ್ಕೇ ಕಂಪನಿಯವರು ಬ್ರೇಕಿನ ಬಲದಲ್ಲಿ ಹೆಚ್ಚಿನ ಪಾಲು ಮುಂದಕ್ಕೆ, ಉಳಿದದ್ದು ಹಿಂದಕ್ಕೆ ಎಂದು ಹಂಚಿರುತ್ತಾರೆ. ಇಲ್ಲಿ 80 ಮತ್ತು 20 ಎಂದು ಇಟ್ಟುಕೊಳ್ಳೋಣ.

ಈಗ ಮುಂದಿನದನ್ನು ಮಾತ್ರ ಬದಲಿಸಿ. ಕ್ಯಾಲಿಪರಿನ ಪಿಸ್ಟನ್ 48 ಮಿಲಿಮೀಟರ್ ಇದ್ದದ್ದು 54 ಆದರೆ ಒತ್ತುವ ಬಲ ನೂರಕ್ಕೆ 27 ಏರುತ್ತದೆ. ಡಿಸ್ಕಿನ ಅಗಲ ಐದರಲ್ಲಿ ಒಂದು ಪಾಲು ಹೆಚ್ಚಿದರೆ ಇನ್ನೂ 20. ಎರಡೂ ಕೂಡಿ ಮುಂದಿನ ಬ್ರೇಕ್ ಒಂದೂವರೆ ಪಟ್ಟು. ಹಿಂದಿನದು ಇದ್ದಲ್ಲೇ. ಹಂಚಿಕೆ 80:20 ಹೋಗಿ 86:14 ಆಯಿತು. ಮುಂದಿನ ಗಾಲಿ ಬೇಗ ಜಾಮ್ ಆಗುತ್ತದೆ, ಹಿಂದಿನ ಟೈರು ಪುಕ್ಕಟೆ ಕೂತು ಬರುತ್ತದೆ.

ಪರಿಣಾಮ ಏನು? ಇದೇ ಲೆಕ್ಕದಲ್ಲಿ 100ರ ಓಟದಿಂದ, ಗಾಲಿ ಜಾಮ್ ಆಗದಂತೆ, 51 ಮೀಟರಿಗೆ ನಿಲ್ಲುತ್ತಿದ್ದ ಕಾರಿಗೆ ಈಗ ಸುಮಾರು 56 ಮೀಟರ್ ಬೇಕು. ರೊಕ್ಕ ಸುರಿದು ಬ್ರೇಕ್ ಹಾಕಿಸಿದ್ದಕ್ಕೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು ದೂರ ಮುಂದೆ ಹೋಗಿ ನಿಂತ ಹಾಗಾಯಿತು! ಮಳೆಯಲ್ಲಿ ಇನ್ನೂ ಕಷ್ಟ. ಜಾರುವ ರಸ್ತೆಯಲ್ಲಿ ಮೂತಿ ಅಷ್ಟು ತಗ್ಗುವುದಿಲ್ಲ, ಭಾರ ಹಿಂದೆಯೇ ಹೆಚ್ಚು ಉಳಿಯುತ್ತದೆ. ಆ ಹೊತ್ತಿಗೆ ಹಿಂದಿನ ಬ್ರೇಕಿನ ಪಾಲು ಬೇಕೇ ಬೇಕು.

ಹಿಂದೆಯೂ ಡಿಸ್ಕ್ ಹಾಕಿದರೆ?

"ಹಂಗಾದ್ರ ಹಿಂದಿನ ಡ್ರಮ್ ಕಿತ್ತು ಡಿಸ್ಕ್ ಹಾಕಿಬಿಡ್ರಿ" ಎನ್ನುವವರೂ ಉಂಟು. ಇದು ಮೊದಲಿನದಕ್ಕಿಂತ ಅಪಾಯ. ಹಿಂದಿನ ಬಲ ಅಳತೆ ಮೀರಿದರೆ ಒಣ ರಸ್ತೆಯಲ್ಲೇ ಹಿಂದಿನ ಗಾಲಿ ಮೊದಲು ಜಾಮ್ ಆಗುತ್ತದೆ. ಮುಂದಿನ ಗಾಲಿ ಜಾಮ್ ಆದರೆ ಸ್ಟೇರಿಂಗ್ ಕೇಳುವುದಿಲ್ಲ, ಗಾಡಿ ನೆಟ್ಟಗೆ ಹೋಗುತ್ತದೆ. ಕಾಲು ತುಸು ಸಡಿಲಿಸಿದರೆ ಕೈಗೆ ಸಿಗುತ್ತದೆ. ಹಿಂದಿನದು ಜಾಮ್ ಆದರೆ ಬಾಲ ಮುಂದೆ ಬರಲು ನೋಡುತ್ತದೆ, ಗಾಡಿ ಬುಗುರಿಯಂತೆ ತಿರುಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಲ್ಲಿ ಗಾಲಿ ಕಟ್ಟಿಕೊಂಡು ಬಂದಂತೆ. ಡ್ರಮ್ಮಿನೊಳಗೇ ಇರುವ ಹ್ಯಾಂಡ್ ಬ್ರೇಕಿಗೆ ಬೇರೆ ವ್ಯವಸ್ಥೆ ಮಾಡಬೇಕಾದ ತಾಪತ್ರಯ ಬೇರೆ.

ರೇಸಿಗೆಂದೇ ಕಟ್ಟಿದ ಕಾರುಗಳಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಎರಡು ಮಾಸ್ಟರ್ ಸಿಲಿಂಡರ್ ಇಟ್ಟು, ನಡುವೆ ಒಂದು ಸರಳು ಕೂಡಿಸಿ, ಹಂಚಿಕೆಯನ್ನು ತಿರುವಿ ಹೊಂದಿಸಿಕೊಳ್ಳುತ್ತಾರೆ. ಸಾದಾ ಕಾರಿಗೆ ಆ ಅನುಕೂಲ ಇಲ್ಲ.

"ಎಬಿಎಸ್ ಐತಲ್ರೀ, ಅದೇ ನೋಡಿಕೊಳ್ತದ" ಎಂಬ ನಂಬಿಕೆಯೂ ಅರ್ಧ ಸತ್ಯ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಗಾಲಿ ಜಾಮ್ ಆಗದಂತೆ ಅದು ಕಾಯುತ್ತದೆ, ಒಳ್ಳೆಯದು. ಆದರೆ ಅದನ್ನು ಹೊಂದಿಸಿದ್ದು ಕಂಪನಿಯ ಡಿಸ್ಕ್, ಕಂಪನಿಯ ಪಿಸ್ಟನ್ನಿನ ಲೆಕ್ಕಕ್ಕೆ. ತಕ್ಕಡಿಯ ಒಂದು ತಟ್ಟೆ ಬದಲಿಸಿ ಹಳೆಯ ಬಟ್ಟಿನಿಂದಲೇ ತೂಗಿದರೆ ತೂಕ ಸರಿ ಬಂದೀತೇ?

ಅಂಗಡಿಕಾರರ ಟೆಂಪೊಗೂ ಇದೇ ಕಥೆ

ಇದು ಶೋಕಿ ಕಾರಿನ ಮಾತು ಮಾತ್ರವಲ್ಲ. ಮಾಲು ಹೊರುವ ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ, ಅದಕ್ಕೊಂದು ವಾಲ್ವ್ ಇರುತ್ತದೆ. ಲೋಡ್ ಬಿದ್ದು ಗಾಡಿ ಕುಸಿದಷ್ಟೂ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವುದು ಅದರ ಕೆಲಸ. ಹೆಚ್ಚು ಚೀಲ ಹೊರಲೆಂದು ಕಮಾನಿಗೆ ಮತ್ತೊಂದು ಪಾಟಾ ಸೇರಿಸಿದರೆ ಗಾಡಿ ಕುಸಿಯುವುದಿಲ್ಲ. ಗಾಡಿ ಖಾಲಿ ಇದೆ ಎಂದೇ ವಾಲ್ವ್ ತಿಳಿಯುತ್ತದೆ. ತುಂಬಿದ ಲೋಡು, ಖಾಲಿ ಗಾಡಿಯ ಬ್ರೇಕು! ಪಾಟಾ ಹಾಕಿಸಿದವರು ಈ ಕಡ್ಡಿಯನ್ನು ಮಿಸ್ತ್ರಿಗೆ ತೋರಿಸಿ ಕಂಪನಿಯ ಅಳತೆಗೆ ಹೊಂದಿಸಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲು ಟೈರು. ಸವೆದ ಟೈರಿಟ್ಟುಕೊಂಡು ಬ್ರೇಕಿಗೆ ರೊಕ್ಕ ಹಾಕುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ನಾಲ್ಕೂ ಒಂದೇ ಬಗೆಯವು, ಗಾಳಿ ಸರಿಯಾಗಿ ಇರಬೇಕು.

ಎರಡನೆಯದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ನೀರಿನಂಶವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಈ ಭಯ ದೂರ. ಘಟ್ಟದಲ್ಲಿ ಕೆಳ ಗೇರಿನಲ್ಲಿ ಇಳಿಯುವುದು ಹಳೆಯ ಡ್ರೈವರರ ವಿದ್ಯೆ, ಅದಕ್ಕೆ ಖರ್ಚೇ ಇಲ್ಲ.

ಮೂರನೆಯದು ಒಳ್ಳೆಯ ಪ್ಯಾಡು, ಹಿಂದೆ ಒಳ್ಳೆಯ ಲೈನರು. ಮುಂದೆ ಮಾತ್ರ ಖಡಕ್ ಮಾಲು, ಹಿಂದೆ ಹಳೆಯದು ಎಂದಾಗಬಾರದು. ಜೊತೆಗೆ ಹಳೆಯ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೋ ನೋಡಿಸಬೇಕು.

ಇಷ್ಟರಿಂದಲೇ ಬಹಳ ಗಾಡಿಗಳ ಬ್ರೇಕಿನ ತಕರಾರು ತೀರುತ್ತದೆ. ಇನ್ನೂ ದೊಡ್ಡದೇ ಬೇಕೆಂದರೆ, ಅದೇ ಮಾದರಿಯ ಹೆಚ್ಚು ಶಕ್ತಿಯ ಗಾಡಿಗೆ ಕಂಪನಿಯೇ ಕೊಟ್ಟ ಮುಂದಿನ–ಹಿಂದಿನ ಪೂರ್ತಿ ಸೆಟ್, ಅದಕ್ಕೆ ಒಪ್ಪುವ ಮಾಸ್ಟರ್ ಸಿಲಿಂಡರ್ ಸಮೇತ ನೋಡಬೇಕು. ಬಿಡಿ ಬಿಡಿಯಾಗಿ ಅಲ್ಲ. ಪಿಸ್ಟನ್ ದೊಡ್ಡದಾಗಿ ಮಾಸ್ಟರ್ ಹಳೆಯದೇ ಉಳಿದರೆ ಪೆಡಲ್ ಆಳಕ್ಕೆ ಇಳಿಯುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಕಂಪನಿಯ ಮೂಲ ನಮೂನೆ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಖರ್ಚು ಮಾಡುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದೇ ಜಾಣತನ.

ದಂಡ ಕಟ್ಟುವವರು ಗಾಡಿಯ ಮಾಲೀಕರು. ಆದರೆ ಹೆಚ್ಚಾದ ಆ ಐದು ಮೀಟರಿನಲ್ಲಿ ನಿಂತಿರುವವರು ಬೇರೆ ಯಾರೋ. ತಡಸ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರು, ಬಂಕಾಪುರದ ಹತ್ತಿರ ರಸ್ತೆ ದಾಟುವ ಶಾಲೆ ಮಕ್ಕಳು, ಕುರಿ ಹೊಡೆದುಕೊಂಡು ಹೋಗುವವರು. ಅವರು ಕಾರು ಕೊಂಡವರಲ್ಲ, ಬ್ರೇಕ್ ಬದಲಿಸಿದವರೂ ಅಲ್ಲ. ಇಂಜಿನ್ನಿಗೆ ರೊಕ್ಕ ಬಿಚ್ಚುವವರು ನಾಲ್ಕೂ ಗಾಲಿಯ ಲೆಕ್ಕವನ್ನು ಒಟ್ಟಿಗೇ ನೋಡಲಿ.