ಕಿರುಸಭೆಯ ಮಲ್ಲರೂ ಕಿರುತೆರೆಯ ಮಲ್ಲರೂ

ಮಲ್ಲವಿದ್ಯೆಯು ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವು ಮೀಸಲಾಗಿದೆ. ಮಲ್ಲರ ಆಹಾರ, ವ್ಯಾಯಾಮ, ಪಟ್ಟುಗಳು ಮೊದಲಾದ ವಿಷಯಗಳು ಅಲ್ಲಿ ನಿರೂಪಿತವಾಗಿವೆ. ಆ ವಿದ್ವಾಂಸನಾದ ಅರಸನು ಈ ವಿದ್ಯೆಯನ್ನು ವಿನೋದಗಳ ವಿಂಶತಿಯಲ್ಲಿ ಸೇರಿಸಿದನೆಂಬುದು ಗಮನಾರ್ಹವಾದುದು. ಸೆಣಸುವವನಿಗೆ ಯಾವುದು ಕಾಳಗವೋ ಅದೇ ನೋಡುವವನಿಗೆ ವಿನೋದ. ಕುಸ್ತಿಯ ಈ ಎರಡು ಮುಖಗಳಲ್ಲಿ ವಿನೋದದ ಮುಖವೊಂದನ್ನೇ ಬೆಳೆಸಿ, ಅದನ್ನೊಂದು ಸ್ವತಂತ್ರ ರಂಗಕಲೆಯನ್ನಾಗಿ ಮಾಡಿದ ಕೀರ್ತಿಯೋ ಅಪಕೀರ್ತಿಯೋ ಅಮೆರಿಕ ದೇಶಕ್ಕೆ ಸಲ್ಲುತ್ತದೆ. ಅದನ್ನು ಅಲ್ಲಿ ವೃತ್ತಿಕುಸ್ತಿಯೆಂದು ಕರೆಯುತ್ತಾರೆ. ನಮ್ಮ ವಿದ್ಯಾರ್ಥಿಗಳು ಡಬ್ಲ್ಯೂ.ಡಬ್ಲ್ಯೂ.ಇ. ಎಂಬ ಹೆಸರಿನಿಂದ ಬಲ್ಲುದು ಆ ಕಲೆಯ ಕಿರುತೆರೆಯ ರೂಪವನ್ನು ಮಾತ್ರ. ಆ ತೆರೆಯ ಹಿಂದೆ ಮತ್ತೊಂದು ಪ್ರವಾಹವಿದೆ. ಚಿಕ್ಕಪುಟ್ಟ ಸಭಾಗೃಹಗಳಲ್ಲಿ, ಕೆಲವು ನೂರು ಜನರೆದುರು ನಡೆಯುವ ಸ್ವತಂತ್ರ ವೃತ್ತಿಕುಸ್ತಿಯೇ ಅದು. ಇವೆರಡರ ಸ್ವರೂಪಭೇದವನ್ನು ಯಥಾಮತಿ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಎರಡಕ್ಕೂ ಸಮಾನವಾದ ಲಕ್ಷಣವನ್ನು ಹೇಳಬೇಕು. ಎರಡರಲ್ಲಿಯೂ ಗೆಲ್ಲುವವನಾರು, ಸೋಲುವವನಾರು ಎಂಬುದು ಮುಂಚಿತವಾಗಿಯೇ ನಿಶ್ಚಿತವಾಗಿರುತ್ತದೆ. ಬಹುಕಾಲ ಈ ಗುಟ್ಟನ್ನು ವೃತ್ತಿಯವರು ಪ್ರಾಣದಂತೆ ಕಾಪಾಡಿಕೊಂಡು ಬಂದಿದ್ದರು. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ಕ್ರೀಡಾ ಆಯೋಗದ ನಿಯಂತ್ರಣದಿಂದ ಪಾರಾಗುವ ಸಲುವಾಗಿ, ಅಂದಿನ ಅತಿದೊಡ್ಡ ಕಂಪನಿಯವರೇ ಇದು ಸ್ಪರ್ಧೆಯಲ್ಲ, ಮನರಂಜನೆಯೆಂದು ಒಪ್ಪಿಕೊಂಡರು. ‘ಹಾಗಾದರೆ ಇದು ಬರಿಯ ಮೋಸ’ ಎಂದು ನಮ್ಮ ಹಿರಿಯರನೇಕರು ಮೂಗು ಮುರಿಯುವುದುಂಟು. ಆದರೆ ಬಯಲಾಟದಲ್ಲಿ ಕೀಚಕನು ಭೀಮನ ಕೈಯಲ್ಲಿ ಸಾಯುವನೆಂಬುದನ್ನು ಅರಿಯದ ಪ್ರೇಕ್ಷಕನಾರು? ಅರಿತಿದ್ದೂ ಅವನು ಬೆಳಗಾಗುವವರೆಗೆ ಕುಳಿತು ನೋಡುತ್ತಾನೆ. ಹೇಗೆ ಕೊಲ್ಲುವನೆಂಬುದರಲ್ಲಿ ರಸವಿದೆಯೇ ಹೊರತು ಕೊಲ್ಲುವನೆಂಬ ಸಂಗತಿಯಲ್ಲಿಲ್ಲ. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ನಮ್ಮ ಲಾಕ್ಷಣಿಕರು ಹೇಳಿದ ನಾಲ್ಕು ಅಭಿನಯಗಳೂ ವೃತ್ತಿಕುಸ್ತಿಯಲ್ಲಿವೆ. ಅಲ್ಲಿ ನಾಯಕನಿಗೆ ‘ಬೇಬಿಫೇಸ್’ ಎಂದೂ, ಪ್ರತಿನಾಯಕನಿಗೆ ‘ಹೀಲ್’ ಎಂದೂ ಹೆಸರು.

ನಾಟಕದ ಮರಣಕ್ಕೂ ಇಲ್ಲಿಯ ಪತನಕ್ಕೂ ಒಂದು ಅಂತರವುಂಟು. ನಟನು ಸತ್ತಂತೆ ಬೀಳುತ್ತಾನೆ. ಈ ಮಲ್ಲನು ನಿಜವಾಗಿಯೇ ಬೀಳುತ್ತಾನೆ. ಅವರ ಕಣವು ನಮ್ಮ ಗರಡಿಮನೆಯಂತೆ ಹದಗೊಳಿಸಿದ ಕೆಮ್ಮಣ್ಣಿನದಲ್ಲ. ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದ ಮೆತ್ತೆ, ಅದರ ಮೇಲೆ ಬಿಗಿದ ದಪ್ಪ ಬಟ್ಟೆ, ಇಷ್ಟೇ. ಗದ್ದವನ್ನು ಎದೆಗೊತ್ತಿಕೊಂಡು, ಬೆನ್ನಿನ ಅಗಲವೆಲ್ಲವೂ ಏಕಕಾಲದಲ್ಲಿ ನೆಲ ಮುಟ್ಟುವಂತೆ, ಅಂಗೈಗಳನ್ನು ಬಡಿಯುತ್ತ ಬೀಳುವುದು ಅವರ ವಿದ್ಯೆಯ ಮೊದಲ ಪಾಠ. ಈ ಬೀಳುವಿಕೆಯು ಪೆಟ್ಟನ್ನು ಹಂಚುತ್ತದೆ, ಇಲ್ಲವಾಗಿಸುವುದಿಲ್ಲ.

ಇನ್ನು ಭೇದದ ಮಾತು. 1948ರಲ್ಲಿ ಅಯೋವಾ ರಾಜ್ಯದ ವಾಟರ್ಲೂ ಎಂಬಲ್ಲಿ ಕುಸ್ತಿ ಏರ್ಪಡಿಸುವ ವ್ಯಾಪಾರಸ್ಥರು ಕೂಡಿ ಒಂದು ಒಕ್ಕೂಟವನ್ನು ರಚಿಸಿಕೊಂಡು ದೇಶವನ್ನು ಸೀಮೆಗಳಾಗಿ ಹಂಚಿಕೊಂಡರು. ಒಬ್ಬರ ಸೀಮೆಯಲ್ಲಿ ಮತ್ತೊಬ್ಬರು ಕೈಹಾಕುವಂತಿರಲಿಲ್ಲ. ದೂರದರ್ಶನವು ಆ ದಿನಗಳಲ್ಲಿಯೇ ಕುಸ್ತಿಯನ್ನು ಮನೆಮನೆಗೆ ತಂದಿತಾದರೂ ಸೀಮೆಗಳ ವ್ಯವಸ್ಥೆಯು ದಶಕಗಳ ಕಾಲ ಉಳಿಯಿತು. 1982ರಲ್ಲಿ ವಿನ್ಸ್ ಮಕ್‌ಮಹನ್ ಎಂಬಾತನು ತನ್ನ ತಂದೆಯ ಕಂಪನಿಯನ್ನು ಕೊಂಡು, ದೂರದರ್ಶನದ ಬಲದಿಂದ ಆ ಎಲ್ಲೆಗಳನ್ನೆಲ್ಲ ಅಳಿಸತೊಡಗಿದನು. 1985ರಲ್ಲಿ ನ್ಯೂಯಾರ್ಕಿನಲ್ಲಿ ‘ರೆಸಲ್‌ಮೇನಿಯಾ’ ಎಂಬ ಮಹಾಪ್ರದರ್ಶನವೂ, 1993ರಿಂದ ಪ್ರತಿ ಸೋಮವಾರದ ‘ರಾ’ ಕಾರ್ಯಕ್ರಮವೂ ಆರಂಭವಾದುವು. 2001ರಲ್ಲಿ ಪ್ರತಿಸ್ಪರ್ಧಿಯಾದ ಡಬ್ಲ್ಯೂ.ಸಿ.ಡಬ್ಲ್ಯೂ. ಕಂಪನಿಯನ್ನೂ ಆತನು ಕೊಂಡುಬಿಟ್ಟನು. ದೊಡ್ಡ ಆಲದ ಮರದ ಅಡಿಯಲ್ಲಿ ಬೇರೆ ಗಿಡ ಬೆಳೆಯದು ಎನ್ನುವಂತಾಯಿತು.

ಆದರೂ ಗಿಡಗಳು ಬೆಳೆದುವು. ಫಿಲಡೆಲ್ಫಿಯಾ ನಗರದ ದಕ್ಷಿಣ ಭಾಗದಲ್ಲಿ, ಬಿಂಗೊ ಎಂಬ ಅಂಕಿಯಾಟ ನಡೆಯುತ್ತಿದ್ದ ಒಂದು ಸಾಮಾನ್ಯ ಕಟ್ಟಡದಲ್ಲಿ, 1990ರ ದಶಕದಲ್ಲಿ ಇ.ಸಿ.ಡಬ್ಲ್ಯೂ. ಎಂಬ ತಂಡವು ಆಡಿ ಹೆಸರಾಗಿ 2001ರಲ್ಲಿ ಮುಚ್ಚಿಹೋಯಿತು. ಮರುವರ್ಷವೇ, 2002ರ ಫೆಬ್ರುವರಿಯಲ್ಲಿ, ಅದೇ ನಗರದಲ್ಲಿ ‘ರಿಂಗ್ ಆಫ್ ಆನರ್’ ಎಂಬ ಮತ್ತೊಂದು ತಂಡ ತಲೆಯೆತ್ತಿತು. ಇಂತಹ ತಂಡಗಳ ಆಟಗಳಲ್ಲಿ ಪ್ರೇಕ್ಷಕನು ನಾಲ್ಕೂ ಕಡೆ, ಕೈಯಳತೆಯಲ್ಲಿ ಕುಳಿತಿರುತ್ತಾನೆ. ಗೆಲವು ಸೋಲುಗಳು ಗೊತ್ತಾಗಿದ್ದರೂ ನಡುವಣ ಪಟ್ಟುಗಳನ್ನು ಮಲ್ಲರಿಬ್ಬರೂ ಬಹುಮಟ್ಟಿಗೆ ತಾವೇ ಹೊಂದಿಸಿಕೊಳ್ಳುತ್ತಾರೆ. ಸಭೆಯ ಉಸಿರನ್ನು ಕೇಳಿ, ಬಿಗಿಯಬೇಕಾದಲ್ಲಿ ಬಿಗಿದು, ಸಡಿಲಿಸಬೇಕಾದಲ್ಲಿ ಸಡಿಲಿಸುತ್ತಾರೆ. ಆಟ ಮುಗಿದ ಮೇಲೆ ಅದೇ ಮಲ್ಲನು ಒಂದು ಮೇಜಿನ ಹಿಂದೆ ನಿಂತು ತನ್ನ ಚಿತ್ರವಿರುವ ಅಂಗಿಗಳನ್ನು ಮಾರುತ್ತಾನೆ. ಅಂದಿನ ಪ್ರಯಾಣದ ಖರ್ಚು ಹುಟ್ಟುವುದೂ ಎಷ್ಟೋ ವೇಳೆ ಆ ಮೇಜಿನಿಂದಲೇ. ಅವನ ಹೆಸರು, ಅವನ ವೇಷ, ಅವನ ಪಾತ್ರ ಎಲ್ಲವೂ ಅವನವೇ.

ಕಿರುತೆರೆಯ ಕುಸ್ತಿಯಲ್ಲಿ ಕ್ಯಾಮರಾವೇ ಮುಖ್ಯ ಪ್ರೇಕ್ಷಕ. ಮಲ್ಲನು ಮುಖಭಾವವನ್ನು ತೋರಬೇಕಾದುದು ಪ್ರಧಾನ ಕ್ಯಾಮರಾವಿರುವ ದಿಕ್ಕಿಗೆ. ಮಾತುಗಳನ್ನು ಬರೆದುಕೊಡಲು ಲೇಖಕರ ಮಂಡಲಿಯೇ ಇರುತ್ತದೆ. ಜಾಹೀರಾತಿನ ವೇಳೆಗೆ ಸರಿಯಾಗಿ ಆಟವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಉಂಟು. ತೆರೆಮರೆಯ ಸೂಚನೆಗಳು ತೀರ್ಪುಗಾರನ ಕಿವಿಯಲ್ಲಿರುವ ಯಂತ್ರಕ್ಕೆ ಬಂದು, ಆತನ ಮೂಲಕ ಮಲ್ಲರಿಗೆ ಮುಟ್ಟುತ್ತವೆ. ಇದರಿಂದ ಲಾಭವಿಲ್ಲದೆ ಇಲ್ಲ. ಕಥೆಯೊಂದು ತಿಂಗಳುಗಟ್ಟಲೆ ಧಾರಾವಾಹಿಯಾಗಿ ಬೆಳೆಯಬಲ್ಲುದು. ಸಣ್ಣ ಸಭೆಯ ಕೊನೆಯ ಸಾಲಿಗೆ ಕಾಣದ ಹುಬ್ಬಿನ ಕೊಂಕು ಕೋಟ್ಯಂತರ ಜನರಿಗೆ ಕಾಣಬಲ್ಲುದು. ಮಲ್ಲನ ಸಂಪಾದನೆಯೂ ಹೋಲಿಕೆಗೆ ಮೀರಿ ಹೆಚ್ಚುವುದು. ವೃತ್ತಿರಂಗಭೂಮಿಯಿಂದ ಚಲನಚಿತ್ರಕ್ಕೆ ಹೋದ ನಮ್ಮ ನಟರ ಅನುಭವವೂ ಇಂಥದೇ ಅಲ್ಲವೆ?

ಈ ಎರಡು ರಂಗಗಳನ್ನೂ ಕಂಡ ಒಬ್ಬ ಮಲ್ಲನ ಬಾಳು ಇದನ್ನು ಸ್ಪಷ್ಟಪಡಿಸೀತು. ಬ್ರಯಾನ್ ಡೇನಿಯಲ್‌ಸನ್ ಎಂಬಾತನು ವಾಷಿಂಗ್ಟನ್ ರಾಜ್ಯದ ಅಬರ್ಡೀನ್ ಊರಿನವನು. ಕಾಯ ದೊಡ್ಡದಲ್ಲ, ವಿದ್ಯೆ ದೊಡ್ಡದು. 1999ರಲ್ಲಿ ವೃತ್ತಿಗಿಳಿದು ಸುಮಾರು ಹತ್ತು ವರ್ಷ ಸಣ್ಣ ಸಭೆಗಳಲ್ಲಿ ಆಡಿದನು. ರಿಂಗ್ ಆಫ್ ಆನರ್ ತಂಡದ ಮೊದಲ ಪ್ರದರ್ಶನದ ಮುಖ್ಯ ಆಟದಲ್ಲಿದ್ದ ಮೂವರಲ್ಲಿ ಇವನೊಬ್ಬ. 2006ರಲ್ಲಿ ಸಮೋವಾ ಜೋ ಎಂಬ ಮಲ್ಲನೊಡನೆ ಇವನು ಆಡಿದ ಆಟವು 60 ನಿಮಿಷ ನಡೆದು ಸರಿಸಮವಾಗಿ ಮುಗಿಯಿತು. ಇವನು ದೊಡ್ಡ ಕಂಪನಿಯನ್ನು ಸೇರಿದಾಗ ಹೆಸರು ತಿರುಗುಮುರುಗಾಗಿ ‘ಡೇನಿಯಲ್ ಬ್ರಯಾನ್’ ಎಂದಾಯಿತು. ರಂಗನಾಮಗಳನ್ನು ತನ್ನ ಸ್ವತ್ತಾಗಿ ನೋಂದಾಯಿಸಿಕೊಳ್ಳುವುದು ಅಲ್ಲಿಯ ರೂಢಿ. 2014ರ ರೆಸಲ್‌ಮೇನಿಯಾದಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಬೃಹತ್ ಕ್ರೀಡಾಂಗಣದಲ್ಲಿ, ಇವನಿಗೆ ಮುಖ್ಯ ವಿಜಯವು ದೊರೆಯಿತು. ಸಭೆಯವರ ಒತ್ತಾಯವೇ ಕಥೆಯನ್ನು ಆ ಕಡೆಗೆ ತಿರುಗಿಸಿತೆಂಬುದು ಪ್ರಸಿದ್ಧ. ಆದರೆ 2016ರಲ್ಲಿ, ತಲೆಗೆ ಮತ್ತೆ ಮತ್ತೆ ತಗುಲಿದ ಪೆಟ್ಟುಗಳ ಕಾರಣದಿಂದ, ಇವನು ನಿವೃತ್ತಿಯನ್ನು ಘೋಷಿಸಬೇಕಾಯಿತು. 2018ರಲ್ಲಿ ವೈದ್ಯರ ಅನುಮತಿ ದೊರೆತು ಮರಳಿದನು. 2021ರಲ್ಲಿ ಕಂಪನಿಯನ್ನು ಬಿಟ್ಟಾಗ ತನ್ನ ಸ್ವಂತ ಹೆಸರಿಗೆ ಮರಳಿದನು.

ಇಲ್ಲಿಯೇ ವಿಷಯದ ಮರ್ಮವಿದೆ. ಸ್ವತಂತ್ರ ಕುಸ್ತಿಯು ಶುದ್ಧ, ಕಿರುತೆರೆಯ ಕುಸ್ತಿಯು ಅಶುದ್ಧ ಎಂದು ಸುಲಭವಾಗಿ ತೀರ್ಪು ಕೊಡುವವರಿದ್ದಾರೆ. ಮಲ್ಲನ ಮೈಯನ್ನು ಸಾಕ್ಷಿಗೆ ಕರೆದರೆ ಈ ತೀರ್ಪು ನಿಲ್ಲದು. 1999ರಲ್ಲಿ ಕಾನ್ಸಾಸ್ ನಗರದ ಪ್ರದರ್ಶನದಲ್ಲಿ, ಛಾವಣಿಯಿಂದ ಹಗ್ಗದ ಮೇಲೆ ಇಳಿಯಬೇಕಾಗಿದ್ದ ಓವೆನ್ ಹಾರ್ಟ್ ಕೆಳಗೆ ಬಿದ್ದು ಪ್ರಾಣಬಿಟ್ಟನು. ಅದು ಕಿರುತೆರೆಯವರ ಆಡಂಬರಕ್ಕೆ ತೆತ್ತ ಬೆಲೆ. ಸಣ್ಣ ಸಭೆಯಲ್ಲಿಯೋ, ಇನ್ನೂ ಎತ್ತರದಿಂದ ಹಾರು, ಇನ್ನೂ ಬಲವಾಗಿ ಹೊಡೆ ಎಂಬ ಪ್ರೇಕ್ಷಕರ ಕೂಗೇ ಮಲ್ಲನನ್ನು ಅಪಾಯದ ಅಂಚಿಗೆ ತಳ್ಳುತ್ತದೆ. ಪೆಟ್ಟಾದರೆ ಚಿಕಿತ್ಸೆಯ ವೆಚ್ಚ ಸಾಮಾನ್ಯವಾಗಿ ಅವನ ತಲೆಯ ಮೇಲೆಯೇ ಬೀಳುತ್ತದೆ. ದೊಡ್ಡ ಕಂಪನಿಯೂ ತನ್ನ ಮಲ್ಲರನ್ನು ನೌಕರರೆಂದು ಗಣಿಸದೆ ಸ್ವತಂತ್ರ ಗುತ್ತಿಗೆದಾರರೆಂದೇ ಕರೆಯುತ್ತದೆ. ಆದುದರಿಂದ ಎರಡು ರಂಗಗಳ ನಿಜವಾದ ಭೇದವು ಆಟವು ಯಾರ ಕಡೆಗೆ ಮುಖಮಾಡಿದೆ ಎಂಬುದರಲ್ಲಿದೆ. ದೇಹವು ತೆರುವ ಕಂದಾಯವು ಎರಡೆಡೆಯಲ್ಲಿಯೂ ಒಂದೇ.

ಎರಡು ಪ್ರವಾಹಗಳೂ ಈಚೆಗೆ ಒಂದರೊಳಗೊಂದು ಹರಿಯುತ್ತಿವೆ. 2018ರ ಸೆಪ್ಟೆಂಬರ್ 1ರಂದು ಷಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸ್ ಎಂಬಲ್ಲಿ ಕೋಡಿ ರೋಡ್ಸ್ ಮತ್ತು ಯಂಗ್ ಬಕ್ಸ್ ಸಹೋದರರು ದೊಡ್ಡ ಕಂಪನಿಯ ನೆರವಿಲ್ಲದೆ ‘ಆಲ್ ಇನ್’ ಎಂಬ ಪ್ರದರ್ಶನವನ್ನು ಏರ್ಪಡಿಸಿದರು. ಹತ್ತು ಸಾವಿರಕ್ಕೂ ಮಿಕ್ಕ ಜನ ನೆರೆದರು. ಅದರ ಫಲವಾಗಿ 2019ರಲ್ಲಿ ಎ.ಇ.ಡಬ್ಲ್ಯೂ. ಎಂಬ ಹೊಸ ಕಂಪನಿ ಹುಟ್ಟಿ, ಅದೇ ವರ್ಷ ತಾನೂ ದೂರದರ್ಶನವನ್ನು ಸೇರಿತು. ಡೇನಿಯಲ್‌ಸನ್ 2021ರಲ್ಲಿ ಸೇರಿದುದು ಇದನ್ನೇ. ಕೆರೆಯ ನೀರು ಹೊಳೆಗೆ ಹೋದಂತೆ, ಸಣ್ಣ ಸಭೆಯ ವಿದ್ಯೆಯೇ ದೊಡ್ಡ ತೆರೆಯನ್ನು ಪೋಷಿಸುತ್ತಿದೆ. ಕೆರೆ ಬತ್ತಿದರೆ ಹೊಳೆಗೂ ಹಾನಿಯೇ.

ಅಧ್ಯಾಪಕ ಮಹನೀಯರಿಗೆ ಈ ವಿಷಯದಲ್ಲಿ ಒಂದು ಹೊಣೆಯುಂಟು. ಶಾಲೆಯ ಅಂಗಳದಲ್ಲಿ ಬಾಲಕರು ತೆರೆಯಲ್ಲಿ ಕಂಡ ಪಟ್ಟುಗಳನ್ನು ಒಬ್ಬರ ಮೇಲೊಬ್ಬರು ಪ್ರಯೋಗಿಸುತ್ತಾರೆ. ‘ಅದೆಲ್ಲ ಸುಳ್ಳು’ ಎಂದು ನಾವು ಹೇಳಿದಷ್ಟೂ, ಸುಳ್ಳಾದುದರಿಂದ ನೋವಾಗದೆಂದು ಅವರು ಭಾವಿಸುವ ಸಂಭವವೇ ಹೆಚ್ಚು. ಫಲಿತಾಂಶವು ಕಲ್ಪಿತ, ಪತನವು ಸತ್ಯ, ಅದರ ಹಿಂದೆ ವರ್ಷಗಳ ಗುರುಮುಖದ ಕಲಿಕೆಯಿದೆ ಎಂದು ತಿಳಿಸುವುದೇ ಯುಕ್ತವಾದುದು. ತಮ್ಮ ನೆರೆಯ ಗರಡಿಮನೆಯಲ್ಲಿ ಉಸ್ತಾದರೆದುರು ಕೆಮ್ಮಣ್ಣಿಗೆ ನಮಸ್ಕರಿಸಿ ಇಳಿಯುವ ಹುಡುಗನ ಶಿಸ್ತು ಆ ದೂರದೇಶದ ಸಣ್ಣ ಸಭೆಯ ಮಲ್ಲನಲ್ಲಿಯೂ ಇದೆಯೆಂಬುದು ಅವರಿಗೆ ಆಗ ಮನದಟ್ಟಾದೀತು. ಶರಣರು ಕಾಯಕವನ್ನು ದೊಡ್ಡದು ಚಿಕ್ಕದೆಂದು ಎಣಿಸಲಿಲ್ಲ. ಬೆವರಿನ ಪ್ರಾಮಾಣಿಕತೆಯನ್ನು ನೋಡಿದರು. ಆ ದೃಷ್ಟಿಯಿಂದ ನೋಡಿದರೆ, ಎದುರಾಳಿಯ ಕುತ್ತಿಗೆಗೆ ಅಪಾಯವಾಗದಂತೆ ಅವನನ್ನು ಜೋಪಾನವಾಗಿ ಕೆಡಹುವ ಆ ಮಲ್ಲನ ದುಡಿಮೆಯೂ ಗೌರವಾರ್ಹವಾದ ಒಂದು ಕಾಯಕವೇ ಸರಿ.